ಮೂವತ್ತೇಳನೆಯ ಕ್ಷೇತ್ರ

ವಾಷಿಂಗ್ ಮೆಷಿನ್ನಿನ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಬಟ್ಟೆ ಹಾಕಿ ಆರು ದಿನವಾಗಿತ್ತು. ಅವತ್ತು ಸಂಜೆ ಒಗೆದು ಮುಗಿಸಿದ ಯಂತ್ರ ಮೂರು ಸಲ ಕೂಗಿತ್ತು. ‘ಬಂದೆ ತಡಿ’ ಎಂದು ಅದಕ್ಕೇ ಉತ್ತರ ಕೊಡುತ್ತ ಅವಳು ಎದ್ದಿದ್ದಳು. ನಾಲ್ಕನೆಯ ಸಲ ಕೂಗಿದ್ದು ಫೋನು.

ಕಚೇರಿಯಿಂದ ವಾಪಸಾಗುತ್ತಿದ್ದ ಗಂಡ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತವನು ಕೊನೆಯ ನಿಲ್ದಾಣದಲ್ಲೂ ಎದ್ದಿರಲಿಲ್ಲ. ಮೂವತ್ತಾರು ವರ್ಷ. ಹೃದಯ ಅಂದರು ಡಾಕ್ಟರು. ಆಮೇಲಿನದನ್ನೆಲ್ಲ ಬೇರೆಯವರೇ ಮುಂದೆ ನಿಂತು ನಡೆಸಿಕೊಟ್ಟರು. ಕೊನೆಗೆ ಉಳಿದಿದ್ದ ನೆಂಟರೂ ನಿನ್ನೆ ಸಂಜೆಯ ರೈಲಿಗೆ ಹೊರಟಿದ್ದರು.

ಅವಳು ಒದ್ದೆ ಬಟ್ಟೆಗಳನ್ನು ಹೊರಗೆ ತೆಗೆಯಲಿಲ್ಲ. ಇನ್ನೊಂದಿಷ್ಟು ಸೋಪಿನ ಪುಡಿ ಹಾಕಿ ಗುಂಡಿ ಒತ್ತಿದಳು. ಗಾಜಿನಾಚೆ ಅವನ ಅಂಗಿಯ ನೀಲಿ ತೋಳೊಂದು ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು. ಈಗಲಾದರೂ ಅಳು ಬರಬಹುದೇನೋ ಎಂದು ನಿಂತು ನೋಡಿದಳು. ಬರಲಿಲ್ಲ. ಕಾಲು ನೋಯಿತು, ಅಷ್ಟೆ.

ಅಡುಗೆಮನೆಯಿಂದ ಅತ್ತೆಯ ದನಿ ಕೇಳಿತು. “ಇವತ್ತು ಯಾರಾದ್ರೂ ಬರ್ತಾರಾ?”

“ಇಲ್ಲ ಅತ್ತೆ. ಎಲ್ಲಾ ಬಂದು ಹೋದ್ರು.”

“ಹಾಗಾದ್ರೆ ಇಬ್ಬರಿಗೇ ಇಡ್ಲಾ?” ಎಂದರು ಅತ್ತೆ, ಪಾತ್ರೆ ಕೈಯಲ್ಲಿ ಹಿಡಿದು. ಉತ್ತರಕ್ಕೆ ಕಾಯದೆ ದೊಡ್ಡದನ್ನು ಮೇಲಿಟ್ಟು ಚಿಕ್ಕದನ್ನು ತೆಗೆದುಕೊಂಡರು. ಮಗ ಹೋದ ಮೇಲೆ ಅವರು ಅತ್ತದ್ದು ಒಂದೇ ದಿನ. ಆ ದಿನ ಮಾತ್ರ ಮಹಡಿಯ ಮೂರೂ ಮನೆಯವರು ಬಂದು ಹಿಡಿದುಕೊಳ್ಳಬೇಕಾಗಿತ್ತು.

ಯಾರೂ ಬರುವುದಿಲ್ಲ ಅಂದದ್ದು ಸುಳ್ಳಾಯಿತು. ಹನ್ನೊಂದು ಗಂಟೆಗೆ ಗಂಡನ ವಿಭಾಗದ ಸಾಹೇಬರು ಬಂದರು, ಜೊತೆಯಲ್ಲಿ ಕರಡು ತಿದ್ದುವ ಹೆಂಗಸು. ಆಕೆಗೆ ಕಚೇರಿಯಲ್ಲಿ ‘ಅಡಿಟಿಪ್ಪಣಿ’ ಎಂದೇ ಹೆಸರು. ಯಾರು ಏನೇ ಹೇಳಲಿ, ಅದರ ಕೆಳಗೊಂದು ಸೇರಿಸದಿದ್ದರೆ ಆಕೆಗೆ ತಿಂದದ್ದು ಅರಗುವುದಿಲ್ಲ ಎಂದು ಗಂಡ ನಗುತ್ತಿದ್ದ.

ಅವನಿದ್ದದ್ದು ಶಾಸನಸಭೆಯ ದಾಖಲೆ ವಿಭಾಗದಲ್ಲಿ. ಅರವತ್ತು ವರ್ಷಗಳ ಹಿಂದೆ ಕೂತು ಎದ್ದುಹೋದ ನಾಲ್ಕನೆಯ ಸದನದ ಕೈಪಿಡಿ ಮಾಡುವುದು ಅವನ ಮೂರು ವರ್ಷದ ಕೆಲಸ. ಸಭಾಧ್ಯಕ್ಷರು ಯಾರು, ಪಕ್ಷಗಳ ನಾಯಕರು ಯಾರು, ತೊಂಬತ್ತಾರು ಕ್ಷೇತ್ರಗಳು ಯಾವುವು, ಒಂದೊಂದರಿಂದ ಬಂದವರು ಎಂದು ಬಂದರು, ಎಂದು ಹೋದರು. ‘ಓದೋರು ಯಾರು ಅಂತ ಕೇಳ್ಬೇಡ, ಮುಟ್ಟೋರೂ ಇರಲ್ಲ’ ಎನ್ನುತ್ತಿದ್ದ. ಹಾಗೆನ್ನುತ್ತಲೇ ಒಂದು ತಾರೀಖಿಗಾಗಿ ವಾರಗಟ್ಟಲೆ ಅಲೆಯುತ್ತಿದ್ದ.

ಸಾಹೇಬರು ಚಹಾ ಮುಟ್ಟದೆ ಮಾತಿಗೆ ಬಂದರು. “ನೋಡಮ್ಮ, ನೇರವಾಗಿ ಹೇಳಿಬಿಡ್ತೀನಿ. ಸೇವೆಯಲ್ಲಿದ್ದಾಗ ಹೋದವರ ಜಾಗವನ್ನ ಮನೆಯವರಿಗೆ ಕೊಡೋ ನಿಯಮ ಇದೆ. ಮುಂದಿನ ವಾರ ಶುಕ್ರವಾರ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತೆ. ಆಮೇಲೆ ಆ ಹುದ್ದೆಯೇ ಇರಲ್ಲ. ಇದು ಅರ್ಜಿ. ಸೋಮವಾರದಿಂದಲೇ ಹಂಗಾಮಿಯಾಗಿ ಬಂದು ಕೂತ್ಕೊಳ್ಳಿ, ಪುಸ್ತಕಾನೂ ಮುಗಿಯುತ್ತೆ. ಅವರ ಕೈಬರಹ ನಮಗೆ ಯಾರಿಗೂ ದಕ್ಕಲ್ಲ.”

“ಮನೇನೂ ಉಳಿಯುತ್ತೆ,” ಎಂದಳು ಅಡಿಟಿಪ್ಪಣಿ. “ಇದು ಕಚೇರಿ ಮನೆ ಅಲ್ವಾ. ಬೇಡ ಅಂದ್ರೆ ಮೂರು ತಿಂಗಳಲ್ಲಿ ಬಿಡ್ಬೇಕು. ಅದನ್ನೂ ಸಾಹೇಬ್ರು ಹೇಳ್ತಿದ್ರು, ಮರೆತ್ರು.”

ಸಾಹೇಬರು ಆಕೆಯನ್ನೊಮ್ಮೆ ನೋಡಿ ಚಹಾ ಎತ್ತಿಕೊಂಡರು.

ಅವಳಿಗೂ ಕೆಲಸವಿತ್ತು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬೀಜ ಪರೀಕ್ಷೆಯ ಪ್ರಯೋಗಾಲಯ ಸೇರಿದ್ದಳು. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿಟ್ಟು, ಏಳನೆಯ ದಿನ ಎಷ್ಟು ಮೊಳೆತವು ಎಂದು ಎಣಿಸುವ ಕೆಲಸ. ಅವಳ ಕೈಗೆ ಅದು ಒಗ್ಗಿತ್ತು. ಆದರೆ ಹಂಗಾಮು ಮುಗಿದಾಗಲೆಲ್ಲ ಕೆಲಸವೂ ಮುಗಿಯುತ್ತಿತ್ತು. ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವರು ಹೋದ ಮೇಲೆ ಅತ್ತೆ ಅರ್ಜಿಯನ್ನು ಮೇಜಿನ ಮೇಲೆ ನೇರ ಮಾಡಿ ಇಟ್ಟರು. “ನಾನು ಬಲವಂತ ಮಾಡಲ್ಲ. ಆದ್ರೆ ಇದು ಅವನು ಓಡಾಡಿದ ಮನೆ,” ಎಂದರು. ಬಲವಂತ ಅಂದರೆ ಇನ್ನು ಹೇಗಿರುತ್ತದೋ ಅವಳಿಗೆ ತಿಳಿಯಲಿಲ್ಲ.

ಸೋಮವಾರ ಹೋದಳು. ಅವನ ಕುರ್ಚಿ ಅವನ ಎತ್ತರಕ್ಕೆ ಏರಿಸಿದ್ದು. ಕೂತರೆ ಅವಳ ಹೆಬ್ಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ಕೆಳಗಿಳಿಸುವ ಹಿಡಿ ಎಲ್ಲಿದೆ ಎಂದು ಅವಳು ಹುಡುಕಲೂ ಇಲ್ಲ, ಕೇಳಲೂ ಇಲ್ಲ. ಹತ್ತು ಗಂಟೆಗೆ ಅಡಿಟಿಪ್ಪಣಿ ಹಾಜರಿ ಪುಸ್ತಕ ತಂದು ಮುಂದಿಟ್ಟಳು.

“ಇಲ್ಲಿ ನನ್ನ ಹೆಸರಿಲ್ಲ,” ಎಂದಳು ಅವಳು.

“ಹೊಸ ಪುಸ್ತಕ ಒಂದನೇ ತಾರೀಖಿಗೆ ಬರುತ್ತೆ. ಅಲ್ಲೀವರೆಗೆ ಅವರ ಸಾಲಲ್ಲೇ ಹಾಕಿ. ಸಹಿ ಯಾರ್ದು ಅಂತ ಯಾರೂ ನೋಡಲ್ಲ, ಚೌಕ ಖಾಲಿ ಇದ್ರೆ ಮಾತ್ರ ಕಣ್ಣಿಗೆ ಬೀಳುತ್ತೆ.”

ಅವನ ಸಾಲಿನಲ್ಲಿ ಆರು ಚೌಕ ಖಾಲಿ ಇದ್ದವು. ಏಳನೆಯದರಲ್ಲಿ ಅವಳು ಸಹಿ ಮಾಡಿದಳು. ಮಂಗಳವಾರವೂ ಮಾಡಿದಳು, ಬುಧವಾರವೂ.

ಕೆಲಸ ಕಷ್ಟದ್ದೇನೂ ಆಗಿರಲಿಲ್ಲ. ನಾಯಕರ ಪಟ್ಟಿಯನ್ನು ಅವನು ಮುಗಿಸಿಯೇ ಇಟ್ಟಿದ್ದ: ಸಭಾಧ್ಯಕ್ಷರು ಇಬ್ಬರು, ಮೊದಲನೆಯವರು ಮುನಿಸಿಕೊಂಡು ನಡುವೆಯೇ ಬಿಟ್ಟುಹೋದದ್ದು, ಉಪಸಭಾಧ್ಯಕ್ಷರು ಒಬ್ಬರು, ಬಹುಮತದ ಪಕ್ಷದ ನಾಯಕ, ವಿರೋಧ ಪಕ್ಷದ ನಾಯಕ, ಯಾವಾಗ ಕೈ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ತಮ್ಮವರಿಗೆ ಸನ್ನೆ ಮಾಡುವ ಸಚೇತಕರು ಮೂವರು. ಕ್ಷೇತ್ರಗಳ ಪಟ್ಟಿಯೂ ಮುಗಿದಂತೆಯೇ ಇತ್ತು, ಒಂದು ಸಾಲಿನ ಹೊರತು. ಮೂವತ್ತೇಳನೆಯ ಕ್ಷೇತ್ರದೆದುರು ಪೆನ್ಸಿಲಿನಲ್ಲಿ ಬರೆದಿದ್ದ: ‘ತೀರಿಕೊಂಡದ್ದು ಚಳಿಗಾಲದ ಅಧಿವೇಶನಕ್ಕೆ ಮೊದಲು. ಹಾಜರಿ: ಅಧಿವೇಶನ ಪೂರ್ತಿ. ಮತ: ಹನ್ನೊಂದು. ಕೊನೆಯದು, ಕ್ಷೇತ್ರ ರದ್ದು ಮಾಡುವ ಮಸೂದೆಗೆ, ಪರ.’ ಅದರ ಕೆಳಗೆ: ‘ಅಜ್ಜಿ ಯೋಚಿಸಿ ಹೇಳುತ್ತಾರೆ.’ ಯಾವ ಅಜ್ಜಿ ಎಂದು ಬರೆದಿರಲಿಲ್ಲ.

ಇದನ್ನು ಅವನು ಊಟಕ್ಕೆ ಕೂತಾಗ ಹೇಳಿದ್ದ. ‘ನನ್ನ ಮೂವತ್ತೇಳು ಇದ್ದಾನಲ್ಲ, ಸತ್ತ ಮೇಲೆ ಹನ್ನೊಂದು ಸಲ ಕೈ ಎತ್ತಿದ್ದಾನೆ ಕಣೇ. ಕೊನೇ ಸಲ ತನ್ನ ಕ್ಷೇತ್ರಾನೇ ಅಳಿಸೋಕೆ ಎತ್ತಿದಾನೆ. ಹೇಗಿದೆ?’ ಅವಳು ಫೋನು ನೋಡುತ್ತಿದ್ದಳು. ‘ಹೂಂ’ ಅಂದಿದ್ದಳು. ಅವನು ಇನ್ನೂ ಏನೋ ಹೇಳುವವನಿದ್ದ. ಹೇಳದೆ ತಟ್ಟೆ ಎತ್ತಿಕೊಂಡು ಹೋದ.

ಗುರುವಾರ ಸಾಹೇಬರು ಬಂದು ಮೇಜಿನ ಮೇಲೆ ಬೆರಳು ಬಡಿದರು. “ಅಲ್ಲಿ ‘ಖಾಲಿ’ ಅಂತ ಹಾಕಿ ಮುಗಿಸಿಬಿಡಮ್ಮ. ಸತ್ತವನು ಮತ ಹಾಕಿದ ಅಂತ ಅಚ್ಚಾದ್ರೆ ಅರವತ್ತು ವರ್ಷದ ಮೇಲೆ ಮರ್ಯಾದೆ ಹೋಗೋದು ನಮ್ಮದು.”

ಅವರು ಹೋದ ಮೇಲೆ ಅವಳು ಕೆಳಗಿನ ಖಾನೆ ತೆಗೆದಳು. ಬಟ್ಟೆಯ ಬೆನ್ನು ಅಂಟಿಸಿದ ದೊಡ್ಡ ಕಾಗದವೊಂದು ಎಂಟು ಮಡಿಕೆಯಾಗಿ ಕೂತಿತ್ತು. ನಾಲ್ಕನೆಯ ಸದನದ ಆಸನ ನಕ್ಷೆ. ಯಾವ ಕುರ್ಚಿ ಯಾವ ಕ್ಷೇತ್ರದ್ದು ಎಂದು ಅಚ್ಚಿನಲ್ಲಿತ್ತು; ಚೌಕಗಳೊಳಗೆ ಇರುವೆ ಸಾಲಿನಂಥ ಪೆನ್ಸಿಲ್ ಬರಹವೂ ಇತ್ತು. ಮೇಲೆ ಅವನು ಚೀಟಿ ಸಿಕ್ಕಿಸಿದ್ದ: ‘ಅಜ್ಜಿಯದು. ಎರವಲು. ಶುಕ್ರವಾರದೊಳಗೆ ವಾಪಸ್ ಕೊಡಬೇಕು.’ ಕೆಳಗೆ ವಿಳಾಸ.

ಶುಕ್ರವಾರ ಎರಡು ಗಂಟೆಗೆ ಅವಳು ಎದ್ದಳು. ತುಂಬಿದ ಅರ್ಜಿ ಚೀಲದಲ್ಲಿತ್ತು, ಸಹಿಯೊಂದು ಬಾಕಿ. “ಇದನ್ನ ಕೊಟ್ಟು ಬರ್ತೀನಿ,” ಎಂದು ನಕ್ಷೆ ತೋರಿಸಿದಳು.

“ಐದರೊಳಗೆ ಬನ್ನಿ,” ಎಂದಳು ಅಡಿಟಿಪ್ಪಣಿ. “ನಾಲ್ಕೂ ಮುಕ್ಕಾಲಿಗೆ ಬಂದ್ರೆ ಒಳ್ಳೇದು. ನಾಲ್ಕೂವರೆ ಇನ್ನೂ ಒಳ್ಳೇದು.”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಖಾಲಿ ಇತ್ತು. ಅವಳು ಕಂಬ ಹಿಡಿದು ನಿಂತೇ ಹೋದಳು.

ಟೈರು ಮಾರುವ ಅಂಗಡಿಯ ಹಿಂದೆ ಎರಡು ಕೋಣೆಯ ಮನೆ. ಬಾಗಿಲು ತೆರೆದ ಅಜ್ಜಿ ಎಂಬತ್ತು ದಾಟಿ ಬಹಳ ವರ್ಷವಾದವರು, ಬೆನ್ನು ನೇರ. ಮುಖವನ್ನು ಹತ್ತಿರ ತಂದು ಅವಳನ್ನು ನೋಡಿದರು.

“ನೀವು ಬೀಜ ಎಣಿಸೋರು ತಾನೆ? ಅವರ ಹೆಂಡತಿ?”

“ಹೌದು. ನಿಮಗೆ ಹೇಗೆ...”

“ಬಂದಾಗೆಲ್ಲ ಹೇಳ್ತಿದ್ರು. ನೂರರಲ್ಲಿ ತೊಂಬತ್ತೆರಡು ಮೊಳೆತರೆ ಇವಳು ಅವತ್ತು ಹಾಡ್ಕೊಂಡು ಬರ್ತಾಳೆ ಅಂತ. ಎಲ್ಲಿ, ಅವರು ಬರಲಿಲ್ವಾ?”

ಇಷ್ಟು ದಿನ ಅವಳ ಪರವಾಗಿ ಬೇರೆ ಯಾರಾದರೂ ಹೇಳುತ್ತಿದ್ದರು. “ತೀರಿಕೊಂಡ್ರು,” ಎಂದಳು. “ಹದಿನೈದು ದಿನ ಆಯ್ತು.” ವಿಳಾಸ ಹೇಳಿದಂತಿತ್ತು ದನಿ.

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಒಳಗೆ ಬಾ, ಕೂತ್ಕೋ,” ಎಂದರು. ನೀರು ತಂದುಕೊಟ್ಟರು. ಅಯ್ಯೋ ಅನ್ನಲಿಲ್ಲ, ವಯಸ್ಸೆಷ್ಟು ಎಂದು ಕೇಳಲಿಲ್ಲ.

“ನಿದ್ದೆ ಬರ್ತಿದೆಯಾ?”

“ಚೆನ್ನಾಗಿ ಬರ್ತಿದೆ. ಅದೇ ಭಯ.”

“ನನಗೂ ಬರ್ತಿತ್ತು. ಸದನದಲ್ಲಿ ಕೂತಾಗಲೂ ಬರ್ತಿತ್ತು.”

ಅವಳು ಕೇಳಬೇಕಾದ್ದು ಸದನದ ವಿಷಯವನ್ನೇ. ಆದರೂ ಕೇಳುವ ಮೊದಲು ಕರಡು ಹಾಳೆಯನ್ನು ತೆಗೆದು ಮೊಣಕಾಲ ಮೇಲಿಟ್ಟುಕೊಂಡಳು, ಗಂಡ ಕೂತಿದ್ದರೆ ಹೇಗೆ ಇಟ್ಟುಕೊಳ್ಳುತ್ತಿದ್ದನೋ ಹಾಗೆ. “ಅವರು ನಿಮ್ಮನ್ನ ಒಂದು ವಿಷಯ ಕೇಳಿದ್ರಂತೆ. ಮೂವತ್ತೇಳನೇ ಕ್ಷೇತ್ರದ ಸಾಲಲ್ಲಿ ಏನು ಬರೀಬೇಕು ಅಂತ.”

“ಯೋಚಿಸಿ ಹೇಳ್ತೀನಿ ಅಂದಿದ್ದೆ. ನಿಧಾನಿಸಿಬಿಟ್ಟೆ ನೋಡು.” ಅಜ್ಜಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. “ಮೂವತ್ತೇಳು ನಮ್ಮವರ ಕ್ಷೇತ್ರ. ಅವರು ತೀರಿಕೊಂಡ ವಾರಕ್ಕೇ ಮೂರು ಜನ ಬಂದ್ರು. ಸಭಾಧ್ಯಕ್ಷರು, ಬಹುಮತದ ನಾಯಕರು, ಸಚೇತಕ. ಒಂದು ಕಾಗದ ತಂದಿದ್ರು. ಸದಸ್ಯ ಸತ್ತರೆ ಉಳಿದ ಅವಧಿಗೆ ಹೆಂಡತಿಯನ್ನ ಕೂರಿಸೋದು ಆಗಿನ ಪದ್ಧತಿ. ಹೊಸಬನನ್ನ ತಂದರೆ ಜಗಳ. ಹೆಂಗಸಾದ್ರೆ ಹೇಳಿದ ಕಡೆ ಕೈ ಎತ್ತುತ್ತಾಳೆ. ನನಗೆ ಇಪ್ಪತ್ತೆಂಟು. ಎಲ್ಲಿ ಸಹಿ ಮಾಡ್ಬೇಕು ಅಂತ ಮಾತ್ರ ಕೇಳಿದೆ.”

ಅವಳು ಚೀಲವನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಂಡಳು.

“ಮೊದಲನೇ ದಿನ ಹಾಜರಿ ಕೂಗಿದ್ರು. ಮೂವತ್ತಾರು ಆಯ್ತು. ಆಮೇಲೆ ನಮ್ಮವರ ಹೆಸರನ್ನೇ ಕೂಗಿದ್ರು. ಗುಮಾಸ್ತ ಪುಸ್ತಕ ತಿದ್ದಿರಲಿಲ್ಲ. ನಾನು ತಿರುಗಿ ಬಾಗಿಲು ನೋಡ್ದೆ. ನಿಜ ಹೇಳ್ತೀನಿ, ಬಂದ್ರೇನೋ ಅಂತ ನೋಡ್ದೆ. ಪಕ್ಕದವನು ಮೊಣಕೈಯಲ್ಲಿ ತಿವಿದ. ‘ಹಾಜರ್’ ಅಂದೆ. ಮಾರನೇ ದಿನಾನೂ ಅಂದೆ.”

“ತಿದ್ದಿಸಬಹುದಿತ್ತಲ್ಲ?”

“ಮೊದಮೊದಲು ಸಂಕೋಚ. ಆಮೇಲೆ ಬೇಡ ಅನ್ನಿಸ್ತು. ಮನೇಲಿ ಅವರ ಹೆಸರು ಎತ್ತೋಕೆ ಎಲ್ಲರೂ ಹೆದರ್ತಿದ್ರು. ಅಲ್ಲೊಬ್ಬ ದಿನಕ್ಕೊಂದು ಸಲ ಗಟ್ಟಿಯಾಗಿ ಕೂಗ್ತಿದ್ದ. ನಾನಿಲ್ಲ ಅಂದ್ರೆ ಅದೂ ನಿಂತುಹೋಗ್ತಿತ್ತು. ಐದು ತಿಂಗಳು ಹಾಗೇ ಹೋದೆ, ಬಂದೆ. ಮೇಜಿನ ಖಾನೆಯಲ್ಲಿ ಅವರ ಕರವಸ್ತ್ರ ಇತ್ತು, ಕನ್ನಡಕದ ಡಬ್ಬಿ ಇತ್ತು. ಒಂದನ್ನೂ ಅಲುಗಾಡಿಸಲಿಲ್ಲ. ಹತ್ತು ಸಲ ಸಚೇತಕ ಕಣ್ಣು ಮಾಡ್ದ, ಹತ್ತು ಸಲ ಎತ್ತಿದೆ. ಯಾವುದಕ್ಕೆ ಅಂತ ಈಗಲೂ ಗೊತ್ತಿಲ್ಲ.”

“ಹನ್ನೊಂದನೇದು?”

ಅಜ್ಜಿ ಮೊದಲ ಸಲ ನಕ್ಕರು. “ಅದು ಕ್ಷೇತ್ರಗಳನ್ನ ಮತ್ತೆ ಹಂಚೋ ಮಸೂದೆ. ಮೂವತ್ತೇಳನ್ನ ಅಕ್ಕಪಕ್ಕಕ್ಕೆ ಸೇರಿಸಿ ತೆಗೆದುಹಾಕೋದು ಅಂತ ಇತ್ತು. ನಮ್ಮ ಪಕ್ಷ ಅದಕ್ಕೆ ವಿರೋಧ. ಸಚೇತಕ ಬೇಡ ಬೇಡ ಅಂತ ತಲೆ ಆಡಿಸ್ತಿದ್ದ, ಪಾಪ, ಕತ್ತು ಉಳುಕಿರಬೇಕು. ನಾನು ಎತ್ತಿದೆ. ಎತ್ತಿ ಹಿಡಿದೇ ಕೂತೆ. ಅದು ಹೇಗಿದ್ರೂ ಪಾಸಾಗ್ತಿತ್ತು ಅನ್ನು, ನನ್ನ ಒಂದು ಕೈಯಿಂದ ಆಗೋದು ಏನಿಲ್ಲ. ಆದ್ರೆ ಆ ಐದು ತಿಂಗಳಲ್ಲಿ ನಾನಾಗಿ ಎತ್ತಿದ್ದು ಅದೊಂದೇ.”

ಮುಂದಿನ ಅಂಗಡಿಯಲ್ಲಿ ಯಾರೋ ಟೈರು ಉರುಳಿಸಿಕೊಂಡು ಹೋದರು. ಗೋಡೆ ಸಣ್ಣಗೆ ಅದುರಿತು.

“ಯಾಕೆ ಎತ್ತಿದ್ರಿ?”

“ಆ ಕುರ್ಚಿ ಇರೋವರೆಗೆ ನಾನು ಹೋಗ್ತಾನೇ ಇರ್ತಿದ್ದೆ ಕಣಮ್ಮ.”

ಅಜ್ಜಿ ಅವಳ ಮೊಣಕಾಲ ಮೇಲಿದ್ದ ಹಾಳೆಯನ್ನು ಬೆರಳಿನಿಂದ ಮುಟ್ಟಿದರು. “ಈಗ ಬರ್ಕೋ. ನಮ್ಮವರು ಯಾವತ್ತು ಹೋದ್ರೋ ಆ ತಾರೀಖು ಹಾಕಿ, ಅಲ್ಲಿಗೆ ನಿಲ್ಲಿಸು. ಅದರ ಕೆಳಗಿನ ಸಾಲಲ್ಲಿ ನನ್ನನ್ನ ಹಾಕು. ಹನ್ನೊಂದೂ ನನ್ನವೇ ಅಂತ ಹಾಕು. ಅರವತ್ತು ವರ್ಷದಿಂದ ಹಾಜರ್ ಹಾಜರ್ ಅಂತ ಅಂದೂ ಅಂದೂ ಸುಸ್ತಾಗಿರ್ತಾರೆ. ಇನ್ನಾದ್ರೂ ಸಾಯೋಕೆ ಬಿಡು.”

ಅವಳು ಬರೆದಳು. ಗಂಡನ ಪೆನ್ಸಿಲ್ ಬರಹದ ಕೆಳಗೆ ಅವಳ ಅಕ್ಷರ ಬೇರೆಯಾಗಿ, ದುಂಡಗೆ ಕಾಣಿಸಿತು. ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದಳು. ಅವರು ತಲೆದೂಗಿದರು.

ಗೋಡೆಯ ಗಡಿಯಾರದಲ್ಲಿ ನಾಲ್ಕಾಗಿ ಹತ್ತು ನಿಮಿಷ. ನಾಲ್ಕೂ ಕಾಲಿಗೆ ಒಂದು ಬಸ್ಸಿತ್ತು, ಅದು ತಪ್ಪಿದರೆ ಐದರೊಳಗೆ ಮುಟ್ಟುವ ಮಾತಿಲ್ಲ. ಅವಳು ನಕ್ಷೆಯನ್ನು ಚೀಲದಿಂದ ತೆಗೆದು ಅಜ್ಜಿಯ ಕೈಗೆ ಕೊಟ್ಟಳು.

“ತಡವಾಯ್ತು. ಅವರು ಶುಕ್ರವಾರದೊಳಗೆ ಕೊಡ್ಬೇಕು ಅಂತ ಬರೆದಿಟ್ಟಿದ್ರು.”

“ಇವತ್ತು ಇನ್ನೂ ಮುಗಿದಿಲ್ಲವಲ್ಲ.” ಅಜ್ಜಿ ಮಡಿಕೆಗಳನ್ನು ಬಿಡಿಸಿ ಮೇಜಿನ ಮೇಲೆ ಹರಡಿದರು. ಕಣ್ಣು ಹತ್ತಿರ ತಂದರು, ದೂರ ಮಾಡಿದರು. “ಅಚ್ಚು ಕಾಣುತ್ತೆ. ನಾನು ಬರೆದದ್ದೇ ಕಾಣಲ್ಲ. ನೀನು ಓದು. ಎರವಲು ಕೊಟ್ಟದ್ದು ಪೂರ್ತಿ ವಾಪಸ್ ಬಂದಿದೆಯೋ ಇಲ್ವೋ ನೋಡ್ಬೇಡ್ವಾ?”

“ತೊಂಬತ್ತಾರೂ?”

“ಮತ್ತೆ? ಆತುರ ಇದ್ರೆ ಹೋಗು, ಇನ್ನೊಂದಿನ ಬಾ.”

ಅವಳು ಗಡಿಯಾರ ನೋಡಿದಳು. ಆಗಲೇ ಫೋನು ನಡುಗಿತು. ಅತ್ತೆ.

“ಅರ್ಜಿ ಕೊಟ್ಟೆಯಾ?”

“ಇಲ್ಲ ಅತ್ತೆ.” ಉಸಿರು ತೆಗೆದುಕೊಂಡಳು. “ಕೊಡಲ್ಲ. ಸೋಮವಾರ ಲ್ಯಾಬಿಗೆ ಹೋಗ್ತೀನಿ. ಸಂಜೆ ಬಂದು ಪುಸ್ತಕ ಮುಗಿಸಿಕೊಡ್ತೀನಿ ಅಂತ ಸಾಹೇಬ್ರಿಗೆ ಹೇಳ್ತೀನಿ.”

ಫೋನು ಕಡಿದುಹೋಯಿತೇನೋ ಎಂದು ಅವಳು ಪರದೆ ನೋಡಿಕೊಂಡಳು, ಸೆಕೆಂಡುಗಳು ಓಡುತ್ತಿದ್ದವು.

“ಮೂರು ತಿಂಗಳಿದೆಯಲ್ಲ,” ಎಂದರು ಅತ್ತೆ ಕೊನೆಗೆ. “ನನ್ನ ಮಂಡಿಗೆ ಈ ಮೆಟ್ಟಿಲು ಹೇಗಿದ್ರೂ ಆಗ್ತಿರಲಿಲ್ಲ ಬಿಡು. ಬರ್ತಾ ಒಂದು ಬಲ್ಬ್ ತಗೊಂಡ್ ಬಾ. ಬಚ್ಚಲಿಂದು ಹೋಗಿದೆ.”

“ಹೂಂ.”

“ಹೂಂ ಅಂತ ಮರೀಬೇಡ.”

“ಇಲ್ಲ ಅತ್ತೆ.”

ಫೋನು ಒಳಗಿಟ್ಟು ಅವಳು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು. ಇದು ತಗ್ಗಿನ ಕುರ್ಚಿ. ಎರಡೂ ಪಾದ ನೆಲಕ್ಕೆ ತಾಗಿದವು. ಮೇಲಿನಿಂದ ಓದತೊಡಗಿದಳು.

“ಸಭಾಧ್ಯಕ್ಷರು. ‘ಮಧ್ಯಾಹ್ನ ಎರಡರ ಮೇಲೆ ಕಣ್ಣು ತೆರೆದುಕೊಂಡೇ ನಿದ್ದೆ.’”

“ಹೌದು, ಹೌದು. ಅದೊಂದು ವಿದ್ಯೆ.”

“ವಿರೋಧ ಪಕ್ಷದ ನಾಯಕರು. ‘ಒಳ್ಳೆ ಮಾತು, ಕೆಟ್ಟ ಹಲ್ಲು.’ ಒಂದನೇ ಕ್ಷೇತ್ರ. ‘ಇವನ ಷೂಸು ಕಿರುಗುಟ್ಟುತ್ತದೆ.’ ಎರಡು. ‘ಹೆಂಡತಿಗೆ ಹೆದರುತ್ತಾನೆ. ಒಳ್ಳೆಯವನು.’”

ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹದಿಮೂರನೆಯವನು ಬೇರೆಯವರ ಪೆನ್ನು ಜೇಬಿಗಿಳಿಸುತ್ತಿದ್ದ, ಇಪ್ಪತ್ತನೆಯವನು ಭಾಷಣದ ನಡುವೆ ಸೀನುತ್ತಿದ್ದ. ಓದುತ್ತ ಓದುತ್ತ ಅವಳ ದನಿ ಎಲ್ಲೋ ಒಂದು ಕಡೆ ಒಡೆಯಿತು. ಅವಳು ನಿಲ್ಲಿಸಲಿಲ್ಲ, ಅಜ್ಜಿಯೂ ತಲೆ ಎತ್ತಲಿಲ್ಲ. ಅಕ್ಷರಗಳು ನೀರಾದವು, ಮತ್ತೆ ಅಕ್ಷರಗಳಾದವು. ಮೂವತ್ತು ದಾಟುವ ಹೊತ್ತಿಗೆ ಗಡಿಯಾರ ಐದು ಹೊಡೆಯಿತು.

“ಮೂವತ್ತಾರು. ‘ತಿವಿಯುವವನು.’”

“ಮುಂದೆ.”

ಮುಂದಿನ ಚೌಕದಲ್ಲಿ ಅಚ್ಚಿನ ಅಂಕಿಯಷ್ಟೇ ಇತ್ತು. ಅವಳು ಬೆಳಕಿಗೆ ಓರೆ ಮಾಡಿ ನೋಡಿದಳು. ಅಳಿಸಿದ ಗುರುತೂ ಇರಲಿಲ್ಲ.

“ಇಲ್ಲೇನೂ ಬರೆದಿಲ್ಲ ಅಜ್ಜಿ.”

“ಇಲ್ಲ,” ಎಂದರು ಅಜ್ಜಿ. “ಮುಂದಿನದು ಓದು.”

ನಕ್ಷೆಯ ಮೂಲೆ ಹಳೆಯ ಮಡಿಕೆಯ ಜಾಡಿನಲ್ಲಿ ಮೇಲೇಳುತ್ತಿತ್ತು. ಅವಳು ಅದನ್ನು ಅಂಗೈಯಿಂದ ಒತ್ತಿ ಹಿಡಿದಳು.

“ಮೂವತ್ತೆಂಟು,” ಎಂದಳು.